ಹೋಗೋದಕ್ಕೆ ಏಳೂವರೆ ಗಂಟೆ, ಬರೋದಕ್ಕೆ ಒಂಬತ್ತೂವರೆ

ದೆಹಲಿಯಿಂದ ಟೋಕಿಯೊ ಎಷ್ಟು ದೂರ ಅಂತ ಫೋನಿನಲ್ಲಿ ಹುಡುಕಿದರೆ ತಕ್ಷಣ ಉತ್ತರ ಬರುತ್ತದೆ. ಸುಮಾರು 5,860 ಕಿಲೋಮೀಟರ್. ಅದರ ಕೆಳಗೇ ವಿಮಾನದಲ್ಲಿ ಇಷ್ಟು ಗಂಟೆ ಅಂತ ಇನ್ನೊಂದು ಸಾಲು ಇರುತ್ತದೆ. ಹೀಗೆ ಎರಡು ಸಂಖ್ಯೆ ಅಕ್ಕಪಕ್ಕ ಕಂಡರೆ ಭಾಗಾಕಾರ ಮಾಡಿ ನೋಡುವ ಚಟ ನನಗಿದೆ. ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಆ ಲೆಕ್ಕದಲ್ಲಿ ಆರೂವರೆ ಗಂಟೆ ಸಾಕು. ಆದರೆ ವೇಳಾಪಟ್ಟಿಯಲ್ಲಿ ಇರುವುದು ಹೋಗುವಾಗ ಏಳೂವರೆ ಗಂಟೆಯ ಆಸುಪಾಸು, ಬರುವಾಗ ಒಂಬತ್ತರಿಂದ ಒಂಬತ್ತೂವರೆ. ಅದೇ ಎರಡು ಊರು, ಅದೇ ಜಾತಿಯ ವಿಮಾನ. ದಿಕ್ಕು ಬದಲಾದ ಕೂಡಲೇ ಎರಡು ಗಂಟೆ ಜಾಸ್ತಿ.

ಕೆಲಸದ ಮೇಲೆ ಈ ದಾರಿಯಲ್ಲಿ ಓಡಾಡಿದ್ದೇನೆ. ಸಿನಿಮಾ ನೋಡುವ ತಾಳ್ಮೆ ನನಗಿಲ್ಲ. ಎದುರಿನ ಪರದೆಯಲ್ಲಿ ಮ್ಯಾಪ್ ಹಾಕಿಕೊಂಡು ಕೂರುತ್ತೇನೆ. ಎಷ್ಟು ಎತ್ತರ, ಎಷ್ಟು ವೇಗ, ಗಾಳಿ ಎಷ್ಟು ಅಂತ ಅದು ಒಂದೊಂದಾಗಿ ತೋರಿಸುತ್ತಿರುತ್ತದೆ. ಅದನ್ನು ನೋಡಿ ನೋಡಿ, ಎರಡು ಊರುಗಳ ನಡುವೆ ಒಂದೇ ದೂರ ಇರುತ್ತದೆ ಅನ್ನುವುದರಲ್ಲಿ ನನಗೆ ನಂಬಿಕೆ ಹೋಗಿದೆ. ಯಾವ ಕಡೆಗೆ, ಯಾವ ತಿಂಗಳಲ್ಲಿ ಅಂತ ಕೇಳದೆ ಯಾರಾದರೂ ಉತ್ತರ ಹೇಳಿದರೆ ಅದು ಅರ್ಧ ಉತ್ತರ.

ಮೊದಲು ಆ 5,860ರ ವಿಚಾರ. ಅದು ಭೂಮಿಯ ಮೇಲೆ ಎರಡು ಊರುಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಸಿಗುವುದಿಲ್ಲ. ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಬೇಕು. ದಾರ ದೆಹಲಿಯಿಂದ ಈಶಾನ್ಯಕ್ಕೆ ಹೊರಟು ನೇರವಾಗಿ ಹಿಮಾಲಯವನ್ನು ಹತ್ತುತ್ತದೆ. ಟಿಬೆಟ್, ಚೀನಾದ ಛಿಂಗ್‌ಹಾಯ್, ಗನ್ಸು ಪ್ರಾಂತ್ಯಗಳನ್ನು ದಾಟುತ್ತದೆ. ದಾರಿಯ ಅರ್ಧ ಮುಗಿಯುವ ಜಾಗ ಚೀನಾದ ಶಿಯಾನ್ ನಗರದಿಂದ ವಾಯವ್ಯಕ್ಕೆ ಬೀಳುತ್ತದೆ. ಆಮೇಲೆ ಶಾನ್‌ಡಾಂಗ್ ಪ್ರಾಂತ್ಯ, ಹಳದಿ ಸಮುದ್ರ, ದಕ್ಷಿಣ ಕೊರಿಯಾದ ಸೋಲ್ ನಗರದ ಸ್ವಲ್ಪ ದಕ್ಷಿಣ, ಕೊನೆಗೆ ಜಪಾನ್. ಟೋಕಿಯೊ ಇರುವುದು ಸುಮಾರು 35.7 ಡಿಗ್ರಿ ಅಕ್ಷಾಂಶದಲ್ಲಿ. ದಾರ ಮಾತ್ರ 37 ಡಿಗ್ರಿವರೆಗೂ ಮೇಲೆ ಹೋಗಿ ಕೆಳಗಿಳಿಯುತ್ತದೆ. ಟೋಕಿಯೊ ಸೇರುವುದಕ್ಕೆ ಟೋಕಿಯೊಗಿಂತ ಉತ್ತರಕ್ಕೆ ಹೋಗಬೇಕು! ಗೋಳದ ಮೇಲೆ ನೇರ ದಾರಿ ಅಂದರೆ ಹೀಗೇ ಇರುತ್ತದೆ.

ಸಾಮಾನ್ಯವಾಗಿ ಈ ಗೆರೆಯ ಮೇಲೆ ವಿಮಾನಗಳು ಹಾರುವುದಿಲ್ಲ. ಕಾರಣ ಟಿಬೆಟ್.

ಗಡಿ, ರಾಜಕೀಯ ಅಂತ ಬೇಗ ಹೇಳಿಬಿಡಬಹುದು. ಆದರೆ ಮೊದಲ ಅಡ್ಡಿ ನೆಲದ್ದೇ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನ 11,000 ಮೀಟರ್ ಮೇಲೆ ಹಾರುವಾಗ ಅದರಿಂದೇನು ತೊಂದರೆ ಅನ್ನಿಸುತ್ತದೆ ಅಲ್ವಾ? ತೊಂದರೆ ಇರುವುದು ಹಾರುವಾಗ ಅಲ್ಲ, ಇಳಿಯಬೇಕಾಗಿ ಬಂದಾಗ. ಒಳಗಿನ ಗಾಳಿಯ ಒತ್ತಡ ಹಠಾತ್ತಾಗಿ ಕಡಿಮೆಯಾದರೆ ತಲೆಯ ಮೇಲಿಂದ ಆಕ್ಸಿಜನ್ ಮಾಸ್ಕ್ ಬೀಳುತ್ತದೆ. ಟೇಕಾಫಿಗೆ ಮುಂಚೆ ಗಗನಸಖಿಯರು ತೋರಿಸುತ್ತಾರಲ್ಲ, ನಾವು ಫೋನ್ ನೋಡುತ್ತಾ ಇರುತ್ತೇವಲ್ಲ, ಅದೇ ಮಾಸ್ಕ್. ಬಹಳಷ್ಟು ವಿಮಾನಗಳಲ್ಲಿ ಆ ಆಕ್ಸಿಜನ್ ಬರುವುದು ಸೀಟಿನ ಮೇಲಿರುವ ಒಂದು ಸಣ್ಣ ರಾಸಾಯನಿಕ ಡಬ್ಬಿಯಿಂದ. ಅದು ಗಂಟೆಗಟ್ಟಲೆ ಬರುವುದಿಲ್ಲ, ಸುಮಾರು ಕಾಲು ಗಂಟೆ ಅಷ್ಟೆ. ಅಷ್ಟರೊಳಗೆ ಪೈಲಟ್ 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್ ಮೇಲೆ ಎಲ್ಲಿಗೆ ಇಳಿಸುವುದು? 3,000 ಮೀಟರ್ ಅಂದರೆ ಅಲ್ಲಿ ನೆಲದ ಒಳಗೆ ಒಂದೂವರೆ ಕಿಲೋಮೀಟರ್.

ಒಂದು ಎಂಜಿನ್ ಕೆಟ್ಟರೂ ಇದೇ ಕಥೆ. ಒಂದೇ ಎಂಜಿನ್ನಿನಲ್ಲಿ ವಿಮಾನ ಹಾರುತ್ತದೆ, ಆದರೆ ಅಷ್ಟು ಎತ್ತರದಲ್ಲಿ ನಿಲ್ಲುವುದಿಲ್ಲ. ನಿಧಾನವಾಗಿ ಕೆಳಗೆ ಬರುತ್ತದೆ. ಕೆಳಗೆ ಬೆಟ್ಟಗಳಿದ್ದರೆ, ಹತ್ತಿರದಲ್ಲಿ ವಿಮಾನ ನಿಲ್ದಾಣಗಳೂ ಕಡಿಮೆಯಿದ್ದರೆ, ಲೆಕ್ಕ ಬಿಗಿಯಾಗುತ್ತದೆ. ಹೆಚ್ಚುವರಿ ಆಕ್ಸಿಜನ್ ಹೊತ್ತು ಆ ಎತ್ತರದ ಮೇಲೆ ಹಾರುವ ವಿಮಾನಗಳೂ ಇವೆ. ಆದರೆ ದೆಹಲಿ–ಟೋಕಿಯೊ ವಿಮಾನಗಳು ಸಾಮಾನ್ಯವಾಗಿ ಸುತ್ತಿಕೊಂಡೇ ಹೋಗುತ್ತವೆ. ಉತ್ತರ ಪ್ರದೇಶ, ಬಿಹಾರ, ಬಾಂಗ್ಲಾದೇಶ, ಮ್ಯಾನ್ಮಾರ್ ದಾಟಿ ಯುನ್ನಾನ್ ಕಡೆಯಿಂದ ಚೀನಾದೊಳಗೆ ಹೋಗಿ, ಪೂರ್ವ ಚೀನಾ ಸಮುದ್ರದ ಕಡೆಯಿಂದ ಜಪಾನಿಗೆ. ಯುನ್ನಾನಿನ ಕುನ್ಮಿಂಗ್ ನಗರದ ಮೇಲಿಂದ ಹಾದರೆ ಎಷ್ಟಾಗುತ್ತದೆ ಅಂತ ಕೂಡಿಸಿ ನೋಡಿದೆ. ದೆಹಲಿಯಿಂದ ಅಲ್ಲಿಗೆ 2,560 ಕಿ.ಮೀ., ಅಲ್ಲಿಂದ ಟೋಕಿಯೊಗೆ 3,720. ಒಟ್ಟು 6,280. ನಾಲ್ಕುನೂರು ಚಿಲ್ಲರೆ ಕಿಲೋಮೀಟರ್ ಟಿಬೆಟ್ಟಿಗೆ ಕೊಡುವ ಸುಂಕ. ಹೆಚ್ಚುಕಡಿಮೆ ಅರ್ಧ ಗಂಟೆ.

ಈ ದಾರಿಯಲ್ಲಿ ನನಗೆ ಇಷ್ಟವಾದ ಒಂದು ಸಣ್ಣ ಸಂಗತಿ ಇದೆ. ಮ್ಯಾನ್ಮಾರ್ ದಾಟುವವರೆಗೂ ಪೈಲಟ್‌ಗಳಿಗೆ ಎತ್ತರವನ್ನು ಅಡಿಗಳಲ್ಲಿ ಹೇಳುತ್ತಾರೆ. ಚೀನಾದೊಳಗೆ ಕಾಲಿಟ್ಟ ಕೂಡಲೇ ಮೀಟರ್. ಜಪಾನ್ ಬಂದರೆ ಮತ್ತೆ ಅಡಿ. ಗಡಿಯಲ್ಲಿ ವಿಮಾನ ಒಂದಿಷ್ಟು ಮೇಲೋ ಕೆಳಗೋ ಸರಿದುಕೊಂಡು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಆಕಾಶದಲ್ಲಿ ಬೇಲಿ ಇಲ್ಲ ಅನ್ನುವವರು ಸುಮ್ನೆ ಹೇಳುತ್ತಾರೆ.

ಟಿಬೆಟ್ಟಿನ ಸುಂಕ ಎರಡೂ ಕಡೆಗೆ ಸಮ. ಹಾಗಾದರೆ ಬರುವಾಗಿನ ಆ ಎರಡು ಗಂಟೆ?

ಒಮ್ಮೆ ವಾಪಸ್ ಬರುವಾಗ ಪಕ್ಕದ ಸೀಟಿನಲ್ಲಿ ಉತ್ತರ ಕರ್ನಾಟಕದ ಹಿರಿಯರೊಬ್ಬರು ಕೂತಿದ್ದರು. ಮಗಳ ಮನೆಗೆ ಹೋಗಿ ಬರುತ್ತಿದ್ದರು. ಮ್ಯಾಪ್ ನೋಡಿ ನೋಡಿ ಬೇಜಾರಾಗಿ ಕೇಳಿದರು, "ಹೋಗುವಾಗ ಇಷ್ಟು ಹೊತ್ತು ಆಗಿದ್ದಿಲ್ಲ ಬಿಡ್ರಿ. ಭೂಮಿ ತಿರುಗತದಲ್ಲ, ಅದಕ್ಕ ಹಿಂಗ ಆಗತದೇನು?"

ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ನಾನು ಹೇಳಿದೆ, "ಭೂಮಿ ತಿರುಗೋದು ಪಶ್ಚಿಮದಿಂದ ಪೂರ್ವಕ್ಕೆ ಅಲ್ವಾ ಸರ್. ಹಾಗಿದ್ದರೆ ದೆಹಲಿನೇ ನಮ್ಮ ಕಡೆ ಬರಬೇಕಿತ್ತು. ಬೇಗ ಸೇರಬೇಕಿತ್ತು." ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದೂ ಖರೇನ," ಅಂದು ನಕ್ಕರು.

ದೆಹಲಿಯ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,460 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಆದರೆ ನೆಲದ ಜೊತೆಗೆ ಗಾಳಿಯೂ ತಿರುಗುತ್ತದೆ, ರನ್‌ವೇ ಮೇಲೆ ನಿಂತ ವಿಮಾನವೂ ತಿರುಗುತ್ತದೆ. ಹಾಗಾಗಿ ನೇರವಾಗಿ ಯಾರಿಗೂ ಲಾಭ ಇಲ್ಲ, ನಷ್ಟ ಇಲ್ಲ. ಹಾಗಂತ ಆ ಹಿರಿಯರ ಮಾತು ಪೂರ್ತಿ ತಪ್ಪೂ ಅಲ್ಲ. ಸಮಭಾಜಕದ ಕಡೆಯ ಬಿಸಿ ಗಾಳಿ ಮೇಲೆದ್ದು ಧ್ರುವದ ಕಡೆಗೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ಪೂರ್ವಕ್ಕೆ ವಾಲುತ್ತದೆ. ಹೀಗೆ ಹುಟ್ಟುವುದೇ ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಸರಿಯಾಗಿ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು. ದೋಣಿಯ ಹುಟ್ಟು ಹಾಕುವ ವೇಗ ಒಂದೇ, ಹೊಳೆಯ ಜೊತೆ ಹೋದರೆ ದಡ ಬೇಗ ಸಿಗುತ್ತದೆ, ಎದುರು ಹೋದರೆ ತಡ.

ಜಗತ್ತಿನಲ್ಲಿ ಈ ಗಾಳಿ ಅತಿ ಜೋರಾಗಿರುವ ಜಾಗಗಳಲ್ಲಿ ಜಪಾನಿನ ಆಕಾಶ ಮುಖ್ಯವಾದದ್ದು. ಚಳಿಗಾಲದಲ್ಲಿ ಟಿಬೆಟ್ ಎತ್ತರ ಈ ಗಾಳಿಯನ್ನು ಉತ್ತರಕ್ಕೊಂದು ದಕ್ಷಿಣಕ್ಕೊಂದು ಕವಲಾಗಿ ಸೀಳುತ್ತದೆ. ಎರಡೂ ಕವಲು ಮುಂದೆ ಪೂರ್ವ ಏಷ್ಯಾದ ಮೇಲೆ ಒಂದಾಗುತ್ತವೆ. ಅಲ್ಲಿ ಸೈಬೀರಿಯಾದ ಕೊರೆಯುವ ಗಾಳಿ ಶಾಂತ ಸಾಗರದ ಬೆಚ್ಚನೆ ಗಾಳಿಗೆ ಎದುರಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಿದಷ್ಟೂ ಮೇಲಿನ ಗಾಳಿ ಬಿರುಸು. ಜನವರಿಯಲ್ಲಿ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. ನೋಡಿ, ಟಿಬೆಟ್ ಇಲ್ಲೂ ಬಂತು. ದಾರಿಯನ್ನು ಸುತ್ತಿಸುವುದೂ ಅದೇ, ಗಾಳಿಯನ್ನು ತಿದ್ದುವುದೂ ಅದೇ.

ಈ ಗಾಳಿಯನ್ನು ಮೊದಲು ಸರಿಯಾಗಿ ಅಳೆದವರೂ ಜಪಾನಿನವರೇ. ಒಯಿಶಿ ವಾಸಾಬುರೊ ಅಂತ ಹವಾಮಾನ ವಿಜ್ಞಾನಿ. ಟೋಕಿಯೊದ ಈಶಾನ್ಯಕ್ಕೆ, ಈಗಿನ ತ್ಸುಕುಬಾ ಹತ್ತಿರದ ತತೇನೊ ಅನ್ನುವಲ್ಲಿ ಅವರ ವೀಕ್ಷಣಾಲಯ ಇತ್ತು. 1923ರಿಂದ 1925ರವರೆಗೆ ಸಣ್ಣ ಬಲೂನುಗಳನ್ನು ಮೇಲಕ್ಕೆ ಬಿಟ್ಟು, ದುರ್ಬೀನಿನಂಥ ಥಿಯೊಡೊಲೈಟ್‌ನಲ್ಲಿ ಹಿಂಬಾಲಿಸಿ, ಗಾಳಿಯ ವೇಗ ಬರೆದಿಟ್ಟುಕೊಂಡರು. ಹೀಗೆ 1,288 ಸಲ. ಚಳಿಗಾಲದಲ್ಲಿ 9 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿ.ಮೀ. ಆಸುಪಾಸಿನ ಗಾಳಿ ಸಿಕ್ಕಿತು. ಹೊರಗಿನ ಜಗತ್ತಿಗೂ ತಿಳಿಯಲಿ ಅಂತ 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು, ಒಯಿಶಿಯವರಿಗೆ ಅದರ ಮೇಲೆ ಬಹಳ ಪ್ರೀತಿ. ಪರಿಣಾಮ, ಹೊರಗಿನವರು ಹೆಚ್ಚು ಜನ ಓದಲಿಲ್ಲ. ನನಗೆ ಆ ಮನುಷ್ಯನ ಮೇಲೆ ಮರುಕವೂ ಇದೆ, ಗೌರವವೂ ಇದೆ. 1944ರ ಕೊನೆಯಲ್ಲಿ ಟೋಕಿಯೊ ಮೇಲೆ ದಾಳಿಗೆ ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕವು. ಬಾಂಬುಗಳ ಗುರಿ ತಪ್ಪಿತು. ಅದೇ ಹೊತ್ತಿಗೆ ಜಪಾನ್ ಸೇನೆ ಕಾಗದದ ಬಲೂನಿಗೆ ಬಾಂಬ್ ಕಟ್ಟಿ ಈ ಗಾಳಿಗೆ ಬಿಡುತ್ತಿತ್ತು. 9,000ಕ್ಕೂ ಹೆಚ್ಚು ಬಲೂನುಗಳು. ಕೆಲವು ಅಮೆರಿಕ ತಲುಪಿದವು. 1945ರ ಮೇ ತಿಂಗಳಲ್ಲಿ ಒರೆಗಾನ್‌ನಲ್ಲಿ ಅಂಥದ್ದೊಂದು ಸಿಡಿದು ಆರು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. ನಾವು ಊಟದ ತಟ್ಟೆ ಇಟ್ಟುಕೊಂಡು ಹಾಯಾಗಿ ಕೂತು ದಾಟುವ ಗಾಳಿಗೆ ಇಂಥ ಚರಿತ್ರೆಯೂ ಇದೆ.

ಹೋಗುವಾಗ ಗಾಳಿಯಿಂದ ಲಾಭ, ಬರುವಾಗ ನಷ್ಟ, ಕೊನೆಗೆ ಸರಿಸಮ ಆಯಿತಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ. ದಾರಿ 6,300 ಕಿ.ಮೀ., ವಿಮಾನದ ವೇಗ 900, ದಾರಿಯುದ್ದಕ್ಕೂ ಗಾಳಿ 150 ಅಂತ ಇಟ್ಟುಕೊಳ್ಳಿ. ಹೋಗುವಾಗ ವೇಗ 1,050, ಆರು ಗಂಟೆ. ಬರುವಾಗ 750, ಎಂಟು ಗಂಟೆ 24 ನಿಮಿಷ. ಒಟ್ಟು 14 ಗಂಟೆ 24 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರುವುದಕ್ಕೆ 14 ಗಂಟೆ ಸಾಕಿತ್ತು. ಎದುರು ಗಾಳಿಯಲ್ಲಿ ಸಿಕ್ಕಿಕೊಂಡಿರುವ ಹೊತ್ತು ಜಾಸ್ತಿ, ತಳ್ಳುವ ಗಾಳಿಯಲ್ಲಿ ಇರುವ ಹೊತ್ತು ಕಡಿಮೆ. ಹಾಗಾಗಿ ಹೋಗಿ ಬರುವವರ ಪಾಲಿಗೆ ಗಾಳಿ ಯಾವತ್ತೂ ಸಾಲಗಾರನೇ. ಈ ದಾರಿಯಲ್ಲಿ ಹಾರುವ ಬೋಯಿಂಗ್ 787 ವಿಮಾನ ಗಂಟೆಗೆ ಹೆಚ್ಚುಕಡಿಮೆ 5 ಟನ್ ಇಂಧನ ಕುಡಿಯುತ್ತದೆ. ಎರಡು ಗಂಟೆ ಅಂದರೆ 10 ಟನ್. ಅದನ್ನು ಹೊತ್ತು ಹಾರುವುದಕ್ಕೆ ಮತ್ತಷ್ಟು.

ಅದಕ್ಕೇ ತಿಂಗಳು ಕೇಳಬೇಕು ಅಂದದ್ದು. ಚಳಿಗಾಲದಲ್ಲಿ ಜೆಟ್ ಸ್ಟ್ರೀಮಿನ ದಕ್ಷಿಣದ ಕವಲು ಹಿಮಾಲಯದ ದಕ್ಷಿಣಕ್ಕೆ, ಉತ್ತರ ಭಾರತದ ಮೇಲೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ದೆಹಲಿ, ಪಂಜಾಬಿಗೆ ಮಳೆ ತರುವ ಪಶ್ಚಿಮದ ಮೋಡಗಳು ಬರುವುದು ಇದರ ಜೊತೆಯಲ್ಲೇ. ಪೂರ್ವಕ್ಕೆ ಹೊರಟ ವಿಮಾನಕ್ಕೆ ದೆಹಲಿ ಬಿಟ್ಟಾಗಿನಿಂದಲೇ ಬೆನ್ನ ಹಿಂದೆ ಗಾಳಿ. ಜೂನ್ ಹೊತ್ತಿಗೆ ಈ ಕವಲು ಜಾಗ ಖಾಲಿ ಮಾಡಿ ಟಿಬೆಟ್ಟಿನ ಉತ್ತರಕ್ಕೆ ಹೋಗುತ್ತದೆ. ನಮ್ಮ ಮುಂಗಾರು ಬಲಗೊಳ್ಳುವುದೂ ಆಗಲೇ, ಎರಡಕ್ಕೂ ನಂಟಿದೆ. ಜುಲೈ, ಆಗಸ್ಟ್‌ನಲ್ಲಿ ಭಾರತದಿಂದ ಚೀನಾವರೆಗಿನ ದಾರಿಯಲ್ಲಿ ಪಶ್ಚಿಮದ ಗಾಳಿಯ ಕಾಟ ಅಷ್ಟಿಲ್ಲ. ಹೋಗುವ ಬರುವ ಹೊತ್ತಿನ ಅಂತರ ಆಗ ಕಡಿಮೆಯಾಗುತ್ತದೆ. ಕೇರಳಕ್ಕೆ ಮಳೆ ಬಂತು ಅನ್ನುವ ಸುದ್ದಿಗೂ ಟೋಕಿಯೊದಿಂದ ಬರುವವರು ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತಾರೆ ಅನ್ನುವುದಕ್ಕೂ ಸಂಬಂಧ ಇದೆ ಅಂದರೆ ಯಾರು ನಂಬುತ್ತಾರೆ?

ವೇಳಾಪಟ್ಟಿಯ ಗಂಟೆಗಳಲ್ಲಿ ನೆಲದ ಮೇಲಿನ ಹೊತ್ತೂ ಸೇರಿದೆ. ಗೇಟಿನಿಂದ ವಿಮಾನ ಕದಲಿದ್ದರಿಂದ ಹಿಡಿದು ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಲೆಕ್ಕ ಅದು. ದೆಹಲಿಯಲ್ಲಿ ರನ್‌ವೇ ಸೇರಲು ಸಾಲಿನಲ್ಲಿ ನಿಂತದ್ದೂ ಅದರೊಳಗೇ. ಇನ್ನು ಟೋಕಿಯೊ ಅಂದರೆ ಯಾವ ಟೋಕಿಯೊ ಅನ್ನುವುದೂ ಇದೆ. ಹನೇಡಾ ನಿಲ್ದಾಣ ಊರಿನ ಮಧ್ಯಭಾಗದಿಂದ ಸುಮಾರು 15 ಕಿ.ಮೀ. ನರಿತಾ 60 ಕಿ.ಮೀ.ಗೂ ಜಾಸ್ತಿ. ಆಕಾಶದಲ್ಲಿ ಎರಡಕ್ಕೂ 50 ಕಿ.ಮೀ. ವ್ಯತ್ಯಾಸ, ಮೂರ್ನಾಲ್ಕು ನಿಮಿಷ. ಇಳಿದ ಮೇಲೆ ರೈಲಿನಲ್ಲಿ ಅದು ಅರ್ಧ ಗಂಟೆಗೂ ಜಾಸ್ತಿಯಾಗುತ್ತದೆ. ದರ ಸ್ವಲ್ಪ ಹೆಚ್ಚಾದರೂ ನನ್ನ ಓಟು ಹನೇಡಾಗೇ.

ಈ ದೂರವನ್ನು ಜನ ಬಹಳ ಕಾಲ ಬಂದರುಗಳಲ್ಲಿ ಎಣಿಸುತ್ತಿದ್ದರು. 1893ರ ಮೇ 31ಕ್ಕೆ ಮುಂಬೈ ಬಿಟ್ಟ ವಿವೇಕಾನಂದರು ಕೊಲಂಬೊ, ಪಿನಾಂಗ್, ಸಿಂಗಾಪುರ, ಹಾಂಗ್‌ಕಾಂಗ್, ನಾಗಸಾಕಿ, ಕೋಬೆ ಮುಟ್ಟಿಕೊಂಡು ಟೋಕಿಯೊ ಪಕ್ಕದ ಯೊಕೊಹಾಮಾ ಸೇರಿದರು. ಅಲ್ಲಿಂದ ಅವರು ಬರೆದ ಪತ್ರದ ಮೇಲೆ ಜುಲೈ 10ರ ತಾರೀಖಿದೆ. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಲು ಹೋದದ್ದೂ ಹಡಗಿನಲ್ಲೇ. 1950ರ ದಶಕದಲ್ಲಿ ಏರ್ ಇಂಡಿಯಾ ಟೋಕಿಯೊಗೆ ಹಾರಲು ಶುರು ಮಾಡಿದಾಗಲೂ ಬ್ಯಾಂಕಾಕ್, ಹಾಂಗ್‌ಕಾಂಗ್‌ನಲ್ಲಿ ಇಳಿದೇ ಹೋಗುತ್ತಿತ್ತು. ಹಡಗಿನ ದಾರಿಯನ್ನೇ ಎತ್ತಿ ಆಕಾಶದಲ್ಲಿ ಇಟ್ಟ ಹಾಗಿತ್ತು.

ಇನ್ನು ಗಡಿಯಾರ. ಇದು ಎಲ್ಲಕ್ಕಿಂತ ದೊಡ್ಡ ಮೋಸಗಾರ. ಭಾರತದ ಸಮಯವನ್ನು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದಿಂದ ಲೆಕ್ಕ ಹಾಕುತ್ತಾರೆ. ಜಪಾನಿನದ್ದು ಅಕಾಶಿ ಪಟ್ಟಣದ ಮೇಲೆ ಹಾಯುವ 135 ಡಿಗ್ರಿಯಿಂದ. ನಡುವೆ ಮೂರೂವರೆ ಗಂಟೆ. ರಾತ್ರಿ ಎಂಟಕ್ಕೆ ದೆಹಲಿ ಬಿಟ್ಟರೆ ಟೋಕಿಯೊದಲ್ಲಿ ಇಳಿಯುವಾಗ ಬೆಳಿಗ್ಗೆ ಏಳು. ಗಡಿಯಾರ ನೋಡಿದವರಿಗೆ ಹನ್ನೊಂದು ಗಂಟೆ ಪ್ರಯಾಣ. ವಾಪಸ್ ಬರುವಾಗ ಬೆಳಿಗ್ಗೆ ಹನ್ನೊಂದೂವರೆಗೆ ಹೊರಟು ಸಂಜೆ ಐದೂವರೆಗೆ ದೆಹಲಿ. ಆರೇ ಗಂಟೆ! ಬೇಗ ಆದದ್ದು ಉದ್ದವಾಗಿ ಕಾಣುತ್ತದೆ, ತಡವಾದದ್ದು ಚಿಕ್ಕದಾಗಿ ಕಾಣುತ್ತದೆ. ಟಿಕೆಟ್ ಮೇಲಿನ ಎರಡು ಸಮಯ ನೋಡಿ ಕಳೆಯುವ ಲೆಕ್ಕ ಮಾಡುವವರು ಪೂರ್ತಿ ತಲೆಕೆಳಗಾದ ಉತ್ತರಕ್ಕೆ ಬರುತ್ತಾರೆ. ನಡುವೆ ಬಾಂಗ್ಲಾದೇಶದ್ದು, ಮ್ಯಾನ್ಮಾರ್‌ದು ಅರ್ಧರ್ಧ ಗಂಟೆ ಮುಂದು. ಆಮೇಲೆ ಅಷ್ಟು ಅಗಲದ ಚೀನಾಕ್ಕೆಲ್ಲ ಒಂದೇ ಬೀಜಿಂಗ್ ಸಮಯ. ಮ್ಯಾನ್ಮಾರ್ ಗಡಿ ದಾಟಿದ ಕೂಡಲೇ ಗಡಿಯಾರ ಒಂದೂವರೆ ಗಂಟೆ ಜಿಗಿಯುತ್ತದೆ.

ಸೂರ್ಯ ಈ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ದೆಹಲಿ ಮಿರ್ಜಾಪುರದ ಪಶ್ಚಿಮಕ್ಕಿದೆ, ಟೋಕಿಯೊ ಅಕಾಶಿಯ ಪೂರ್ವಕ್ಕಿದೆ. ಹಾಗಾಗಿ ಸೂರ್ಯನ ಲೆಕ್ಕದಲ್ಲಿ ಎರಡು ಊರುಗಳ ನಡುವೆ ಮೂರೂವರೆ ಅಲ್ಲ, ನಾಲ್ಕು ಗಂಟೆ ಹತ್ತು ನಿಮಿಷ. ಜೂನ್‌ನಲ್ಲಿ ಟೋಕಿಯೊಗೆ ನಾಲ್ಕೂವರೆಗೆ ಮೊದಲೇ ಬೆಳಗಾಗುತ್ತದೆ. ಆ ದಿನಗಳ ರಾತ್ರಿ ವಿಮಾನದಲ್ಲಿ ಕಿಟಕಿಯ ಪರದೆ ತೆರೆದಿದ್ದರೆ, ಮನೆಯ ಗಡಿಯಾರದಲ್ಲಿ ರಾತ್ರಿ ಒಂದೂವರೆ ಆಗುವಾಗ ಮುಖದ ಮೇಲೆ ಬಿಸಿಲು. ಊಟ ಮುಗಿಸಿ ಈಗ ತಾನೇ ಕಣ್ಣು ಮುಚ್ಚಿದ್ದಿರಿ, ಆಗಲೇ ತಿಂಡಿ ತರುತ್ತಾರೆ.

ನಮ್ಮ ದೇಹದೊಳಗಿನ ದಿನ 24 ಗಂಟೆಗಿಂತ ಸ್ವಲ್ಪ ಉದ್ದ. ಬಹಳಷ್ಟು ಜನರಿಗೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಪೂರ್ವಕ್ಕೆ ಹೋದವರು ಬೇಗ ಮಲಗಬೇಕು, ಬೇಗ ಏಳಬೇಕು. ಅದಕ್ಕೇ ಏಳೂವರೆ ಗಂಟೆಯ ಪ್ರಯಾಣ ಮೈಯನ್ನು ಎರಡು ಮೂರು ದಿನ ಹಿಂಡುತ್ತದೆ. ಒಂಬತ್ತೂವರೆ ಗಂಟೆಯದ್ದು ಕಾಲು ಊದಿಸುತ್ತದೆ, ಅಷ್ಟೆ. ನನ್ನನ್ನು ಕೇಳಿದರೆ ಬರುವಾಗ ಬಲಗಡೆ ಕಿಟಕಿ ತಗೊಳ್ಳಿ. ಚಳಿಗಾಲವಾಗಿದ್ದು ಮೋಡ ಇಲ್ಲದಿದ್ದರೆ, ಬಿಹಾರದ ಮೇಲೆ ಬರುವ ಹೊತ್ತಿಗೆ ನೇಪಾಳದ ಹಿಮದ ಸಾಲು ಬಹಳ ಹೊತ್ತು ಪಕ್ಕದಲ್ಲೇ ಇರುತ್ತದೆ. ಎದುರು ಗಾಳಿ ಇರುವುದರಿಂದ ಅದನ್ನು ನೋಡುವುದಕ್ಕೂ ಸ್ವಲ್ಪ ಜಾಸ್ತಿಯೇ ಸಮಯ ಸಿಗುತ್ತದೆ. ದೆಹಲಿ ಮುಟ್ಟಿದ ಮೇಲೆ ಎಂಟು ಗಂಟೆಗೆ ಊಟ ಮಾಡಿ ಮಲಗಿಬಿಡಿ, ಟೋಕಿಯೊದಲ್ಲಿ ಆಗ ಹನ್ನೊಂದೂವರೆ.